ಕೇಳದೆ ಬಂದ ಬೆಳಗು

ನಮ್ಮ ಊರಿನಲ್ಲಿ ಬೆಳಗು ಬೇಕಾದವರು ಮೂರು ವರ್ಷ ಮೊದಲೇ ಕೇಳಿಕೊಳ್ಳಬೇಕಿತ್ತು. ಮದುವೆಯ ದಿನ ಬಿಸಿಲಿರಲಿ ಅನ್ನುವವರು ಹೆಣ್ಣು ಗೊತ್ತಾಗುವ ಮೊದಲೇ ನಮ್ಮ ಕೋಣೆಗೆ ಬಂದು ಹೇಳಿ ಹೋಗುತ್ತಿದ್ದರು. ಹೆರಿಗೆಗೆ ಕೇಳುವ ಹಾಗೇ ಇರಲಿಲ್ಲ. ಒಂಬತ್ತು ತಿಂಗಳಲ್ಲಿ ಮಗು ತಯಾರಾಗುತ್ತದೆ, ಬೆಳಗು ತಯಾರಾಗುವುದಿಲ್ಲ. ಹೀಗೆ ಬೆಳಗು ತಯಾರಿಸಿ ಕೊಡುವ ಕೋಣೆಗೆ ನಾನು ಮೇಲ್ವಿಚಾರಕಿಯಾಗಿದ್ದೆ. ಇಳಕಲ್ಲಿನಲ್ಲಿರುವ ನನ್ನ ಅಣ್ಣನಿಗೆ ಈ ಕೆಲಸ ಏನೆಂದು ವಿವರಿಸಿ ವಿವರಿಸಿ ಸಾಕಾಗಿ, ಕೊನೆಗೆ 'ಗಡಿಯಾರ ರಿಪೇರಿ' ಅಂದುಬಿಟ್ಟಿದ್ದೆ.

ಊರು ಅಂದರೆ ಶನಿಗ್ರಹವನ್ನು ಸುತ್ತುವ ಹೈಪೀರಿಯನ್ ಎಂಬ ಚಂದ್ರನ ಮೇಲಿನ ಗಣಿಕೇರಿ. ಚಂದ್ರ ಅಂದೊಡನೆ ದುಂಡಗೆ, ಬೆಳ್ಳಗೆ ಇರುವುದನ್ನು ನೆನೆಸಿಕೊಳ್ಳಬೇಡಿ. ಇದು ಸೊಟ್ಟ ಆಲೂಗಡ್ಡೆಯ ಆಕಾರದ ಮಂಜುಗಡ್ಡೆ, ಮೈತುಂಬ ಆಳವಾದ ತೂತುಗಳು. ನನ್ನ ಅತ್ತೆ ಗುರುಬಸವ್ವ ಬಂದಿಳಿದ ದಿನ ಕಿಟಕಿಯಿಂದ ಒಮ್ಮೆ ನೋಡಿ, "ಗೊರಲಿ ತಿಂದ ಕಟ್ಟಿಗಿ ಇದ್ದಂಗೈತಲ್ಲ ಇದು! ಇದರ ಮ್ಯಾಲ ಮನಿ ಕಟ್ಟ್ಯಾರಾ?" ಎಂದು ಕೇಳಿದ್ದರು. ಗೆದ್ದಲು ತಿಂದ ಕಟ್ಟಿಗೆ! ಅದಕ್ಕಿಂತ ಸರಿಯಾದ ವರ್ಣನೆ ನನಗೆ ಯಾವ ವರದಿಯಲ್ಲೂ ಸಿಕ್ಕಿಲ್ಲ.

ಸೊಟ್ಟಗಿರುವುದೇ ಇದರ ಕರ್ಮ. ಶನಿ ಒಂದು ಕಡೆಯಿಂದ ಎಳೆಯುತ್ತಾನೆ. ಟೈಟನ್ ಎಂಬ ನೆರೆಯ ದೊಡ್ಡ ಚಂದ್ರ ಇದು ಸುತ್ತುವ ದಾರಿಯನ್ನೇ ಜಗ್ಗಿ ಉದ್ದ ಮಾಡಿಟ್ಟಿದ್ದಾನೆ. ಹೀಗಾಗಿ ಹೈಪೀರಿಯನ್ ಬುಗುರಿಯ ಹಾಗೆ ನೆಟ್ಟಗೆ ತಿರುಗುವುದಿಲ್ಲ. ಒಮ್ಮೆ ಈ ಕಡೆ, ಒಮ್ಮೆ ಆ ಕಡೆ ಮಗುಚಿಕೊಂಡು ಉರುಳುತ್ತದೆ. ಇದಕ್ಕೆ ಮೂಡಣವೂ ಇಲ್ಲ, ಪಡುವಣವೂ ಇಲ್ಲ. ಒಮ್ಮೆ ವಾರವಿಡೀ ಬಿಸಿಲು, ಇನ್ನೊಮ್ಮೆ ಎರಡು ತಿಂಗಳು ಒಂದೇ ಸಮ ಕತ್ತಲು. ಬಿಸಿಲು ಅಂದರೂ ಭೂಮಿಯ ಬಿಸಿಲಿನ ನೂರರಲ್ಲಿ ಒಂದು ಪಾಲು. ಆದರೂ ಬಿಸಿಲು ಬಿಸಿಲೇ. ಅದು ಬಂದಾಗ ಗಣಿಕೇರಿಯ ಜನ ಕಿಟಕಿಗೆ ಮುಖ ಒತ್ತಿಕೊಂಡು ನಿಂತುಬಿಡುತ್ತಿದ್ದರು.

ಈ ಉರುಳಾಟಕ್ಕೆ ಒಂದು ವಿಚಿತ್ರ ಗುಣವಿದೆ. ಇಂದು ಕೂದಲೆಳೆಯಷ್ಟು ವ್ಯತ್ಯಾಸ ಮಾಡಿದರೆ ಅದು ತಿಂಗಳಿಂದ ತಿಂಗಳಿಗೆ ಹಿಗ್ಗಿ, ಮೂರು ವರ್ಷ ಕಳೆಯುವುದರೊಳಗೆ ಬೆಳಗಿನ ಜಾಗದಲ್ಲಿ ರಾತ್ರಿಯನ್ನೇ ತಂದು ಕೂರಿಸುತ್ತದೆ. ಇದನ್ನು ಕಂಡವರು ಹೆದರಬೇಕಿತ್ತು. ನಮ್ಮ ಹಿಂದಿನವರು ಹೆದರದೆ ಲಾಭ ಮಾಡಿಕೊಂಡರು. ಕೂದಲೆಳೆಯಷ್ಟು ತಳ್ಳಿದರೆ ಸಾಕು ಅನ್ನುವುದಾದರೆ, ಬೇಕಾದ ಕಡೆಗೇ ತಳ್ಳಬಹುದಲ್ಲ? ಮಂಜಿನ ಆಳದಲ್ಲಿ ಬೆಳಕು ಸುತ್ತುವ ಒಂದು ದೊಡ್ಡ ಉಂಗುರವನ್ನು ಹೂಳಿದರು. ಚಂದ್ರ ತುಸುವೇ ಮೈ ಹೊರಳಿಸಿದರೂ ಅದಕ್ಕೆ ಗೊತ್ತಾಗುತ್ತದೆ. ನಾವು ಅದನ್ನು 'ಬಳೆ' ಅನ್ನುತ್ತಿದ್ದೆವು. ತಳ್ಳುವುದಕ್ಕೆ ಬೇರೆ ಯಂತ್ರ ಬೇಕಾಗಲಿಲ್ಲ. ಇಲ್ಲಿಯ ಮಂಜುಗಡ್ಡೆಯನ್ನು ಕಡಿದು, ಉದ್ದನೆಯ ಹಳಿಯ ಮೇಲೆ ಓಡಿಸಿ, ಬೇರೆ ಊರುಗಳಿಗೆ ಎಸೆಯುವ ಕವಣೆ ಹೇಗೂ ಇತ್ತು. ಯಾವ ಗಡ್ಡೆಯನ್ನು ಯಾವ ಹೊತ್ತಿಗೆ ಎಸೆಯಬೇಕೆಂದು ನಾವು ಹೇಳುತ್ತಿದ್ದೆವು. ಎಸೆದ ಕೈ ಹಿಂದಕ್ಕೆ ಒದೆಯುವ ಹಾಗೆ ಕವಣೆ ಚಂದ್ರನನ್ನು ಒದೆಯುತ್ತಿತ್ತು. ಮೂರು ವರ್ಷಕ್ಕೆ ಬೆಳಗು ತಯಾರು.

ಒಂದು ನಿಯಮ ಮಾತ್ರ ಎಲ್ಲರೂ ಪಾಲಿಸಬೇಕಿತ್ತು. ಊರೊಳಗಿನ ಓಡಾಟವನ್ನು ನೆಲವೇ ತೂಗಿ ಬಳೆಗೆ ತಿಳಿಸುತ್ತಿತ್ತು. ಹೊರಗೆ ಹೋಗುವವರು ಬಾಗಿಲಲ್ಲಿ ಹೆಸರು ಹೇಳಿ, ಎಲ್ಲಿಗೆ, ಯಾತಕ್ಕೆ ಎಂದು ತಿಳಿಸಿ ಹೋಗಬೇಕು. ಒಬ್ಬ ಮನುಷ್ಯ ಮಂಜಿನ ಮೇಲೆ ನಡೆದು ಹೋಗಿ ಒಂದು ಕಲ್ಲು ಎತ್ತಿಟ್ಟರೂ ಮೂರು ವರ್ಷದ ಮೇಲೆ ಅದರ ಫಲ ಕಾಣುತ್ತದೆ. ಹೇಳಿ ಹೋದರೆ ನಾವು ಸರಿದೂಗಿಸುತ್ತೇವೆ, ಹೇಳದೆ ಹೋದರೆ ಅಷ್ಟು ಸಣ್ಣದು ಹಿಗ್ಗಿ ಬಳೆಯ ಕಣ್ಣಿಗೆ ಬೀಳುವ ಹೊತ್ತಿಗೆ ಕಾಲ ಮೀರಿರುತ್ತದೆ.

ಈ ಊರಿನಲ್ಲಿ ಹುಟ್ಟಿದ ಮೊದಲ ಕೂಸು ನನ್ನದು. ಹೆಸರು ನಿಂಬವ್ವ, ಕರೆಯುವುದು ನಿಂಬಿ. ಅವಳು ಹುಟ್ಟಿ ತಿಂಗಳಾಗುವ ಮೊದಲೇ ವೈದ್ಯೆ ನನ್ನನ್ನು ಕೂರಿಸಿಕೊಂಡು ಹೇಳಿದ್ದರು: ಇಲ್ಲಿ ತೂಕವೇ ಇಲ್ಲದ ಹಾಗೆ ಬೆಳೆದರೆ ಮೂಳೆ ಗಟ್ಟಿಯಾಗುವುದಿಲ್ಲ. ನಾವು ದೊಡ್ಡವರು ದಿನಕ್ಕೊಮ್ಮೆ ಗಿರಗಿರ ತಿರುಗುವ ಕೋಣೆಯಲ್ಲಿ ಓಡಿ ಉಳಿಸಿಕೊಳ್ಳುತ್ತೇವೆ, ಆದರೆ ಬೆಳೆಯುವ ಮೂಳೆಗೆ ಅದು ಸಾಲದು. ನಾಲ್ಕು ತುಂಬುವುದರೊಳಗೆ ಮಗು ಭೂಮಿಯ ದಾರಿ ಹಿಡಿಯಬೇಕು. ಹಡಗಿನಲ್ಲಿ ಸ್ವಲ್ಪ ಸ್ವಲ್ಪವಾಗಿ ತೂಕ ಹೆಚ್ಚಿಸುತ್ತ ಕರೆದೊಯ್ಯುತ್ತಾರೆ. ತಡವಾದರೆ ಅವಳು ಯಾವತ್ತೂ ಭೂಮಿಯ ಮೇಲೆ ಎದ್ದು ನಿಲ್ಲಲಾರಳು.

ಹಡಗು ನಾಲ್ಕು ವರ್ಷಕ್ಕೊಮ್ಮೆ ಬರುತ್ತಿತ್ತು. ಅದು ಇಳಿಯಬೇಕಾದರೆ ಇಳಿದಾಣದ ಮೇಲೆ ಬಿಸಿಲಿರಬೇಕು. ಕತ್ತಲಲ್ಲಿ ಇಲ್ಲಿಯ ನೆಲ ವಿದ್ಯುತ್ತು ಹಿಡಿದುಕೊಂಡು ಕೂತಿರುತ್ತದೆ. ಹಿಂದೊಮ್ಮೆ ಕತ್ತಲಲ್ಲಿ ಇಳಿದ ಹಡಗಿನ ಉಪಕರಣಗಳೆಲ್ಲ ಸುಟ್ಟುಹೋಗಿದ್ದವು. ಮುಂದಿನ ಹಡಗು ಬರುವ ಹೊತ್ತಿಗೆ ನಿಂಬಿಗೆ ಮೂರು ತುಂಬಿ ನಾಲ್ಕು ನಡೆಯುತ್ತಿರುತ್ತದೆ. ಅಂದರೆ ನಾನು ಬಾಣಂತಿ ಹಾಸಿಗೆಯಿಂದ ಎದ್ದ ದಿನವೇ ಆ ಬೆಳಗಿನ ಕೆಲಸ ಶುರುಮಾಡಬೇಕಿತ್ತು. ಮಾಡಿದೆ. ಬೇರೆ ತಾಯಂದಿರು ಮಕ್ಕಳಿಗೆ ಕುಲಾವಿ ಹೆಣೆಯುವ ಹಾಗೆ ಮೂರು ವರ್ಷ ಅದೊಂದು ಬೆಳಗನ್ನು ಹೆಣೆದೆ.

ಹಡಗು ಬರುವುದಕ್ಕೆ ಎರಡು ತಿಂಗಳಿರುವಾಗ ಒಂದು ದಿನ ದೂಮಪ್ಪ ತಲೆ ಕೆರೆದುಕೊಳ್ಳುತ್ತ ನನ್ನ ಮೇಜಿನ ಹತ್ತಿರ ಬಂದ. ದೂಮಪ್ಪ ನನ್ನ ಸಹಾಯಕ, ಮಂಗಳೂರು ಕಡೆಯವನು. ಮನುಷ್ಯ ಲೆಕ್ಕದಲ್ಲಿ ಎಷ್ಟು ಚುರುಕೋ ಕೆಟ್ಟ ಸುದ್ದಿ ಹೇಳುವುದರಲ್ಲಿ ಅಷ್ಟೇ ನಿಧಾನ.

"ಮೇಡಂ, ಕಾಫಿ ಆಯ್ತಾ?" ಅಂದ.

"ಆಗಿದೆ. ವಿಷಯ ಹೇಳು."

"ವಿಷಯ ಎಂಥದ್ದೂ ಇಲ್ಲ ಮಾರಾಯ್ರೆ. ಆ ಬಳೆ ಸ್ವಲ್ಪ ಬೇರೆಯೇ ಹೇಳ್ತಾ ಉಂಟು." ಪರದೆಯ ಮೇಲೆ ಎರಡು ಗೆರೆ ತೋರಿಸಿದ. ನಾವು ಎಣಿಸಿದ ಉರುಳಾಟ ಒಂದು, ಬಳೆ ತೋರಿಸುತ್ತಿರುವುದು ಇನ್ನೊಂದು. ಕಳೆದ ತಿಂಗಳವರೆಗೆ ಒಂದರ ಮೇಲೊಂದು ಇದ್ದ ಗೆರೆಗಳು ಈಗ ಬೇರೆಬೇರೆ ದಾರಿ ಹಿಡಿದಿದ್ದವು. "ಹಡಗು ಬಂದು ಹೋದ ಮೇಲೆ ಸುಮಾರು ಹನ್ನೊಂದು ದಿನಕ್ಕೆ ಬೆಳಗಾಗ್ತದೆ."

ಮೂರು ಸಲ ಲೆಕ್ಕ ಹಾಕಿಸಿದೆ. ಮೂರು ಸಲವೂ ಹನ್ನೊಂದು ದಿನ ತಡ. ಈಗ ಎಷ್ಟು ಗಡ್ಡೆ ಎಸೆದರೂ ಪ್ರಯೋಜನವಿರಲಿಲ್ಲ. ಎರಡು ತಿಂಗಳಲ್ಲಿ ನಮ್ಮ ಒದೆತ ಹಿಗ್ಗುವುದಕ್ಕೆ ಸಮಯವೇ ಇಲ್ಲ. ಹಡಗನ್ನು ಕಾಯಿಸೋಣವೆಂದರೆ ಅದು ಶನಿಯನ್ನು ಸುತ್ತಿಕೊಂಡು ಭೂಮಿಗೆ ಮರಳುವ ಹಡಗು, ಒಂದು ದಿನಕ್ಕಿಂತ ಹೆಚ್ಚು ನಿಂತರೆ ದಾರಿ ತಪ್ಪುತ್ತದೆ. ಹಡಗಿನ ನಾಯಕಿಯಿಂದ ಉತ್ತರವೂ ಬಂತು: ಕತ್ತಲಿದ್ದರೆ ಇಳಿಯುವುದಿಲ್ಲ, ಸಾಮಾನಿನ ಪೆಟ್ಟಿಗೆಗಳನ್ನು ಮೇಲಿನಿಂದಲೇ ಬಿಟ್ಟು ಹೋಗುತ್ತೇವೆ, ಕ್ಷಮಿಸಿ.

"ಯಾರೋ ಹೇಳದೆ ಹೊರಗೆ ಹೋಗಿದ್ದಾರೆ," ಎಂದೆ.

"ಇರಬಹುದು. ಆದರೆ ಈಗ ಹುಡುಕಿ ಎಂಥ ಮಾಡುದು ಮೇಡಂ?"

ಏನು ಮಾಡುವುದೆಂದು ನನಗೂ ಗೊತ್ತಿರಲಿಲ್ಲ. ಸಿಟ್ಟು ಬಂದವರಿಗೆ ಬೈಯುವುದಕ್ಕೆ ಒಂದು ಮುಖ ಬೇಕು, ಅಷ್ಟೇ. ವಾರಗಟ್ಟಲೆ ಲೆಕ್ಕವನ್ನು ಹಿಂದಕ್ಕೆ ಓಡಿಸಿದೆ. ಎಲ್ಲೋ ಒಂದು ತಳ್ಳು ಲೆಕ್ಕದಿಂದ ತಪ್ಪಿಹೋಗಿದೆ, ಎಲ್ಲಿ? ಗೆರೆಗಳು ಹಿಂದಕ್ಕೆ ಹಿಂದಕ್ಕೆ ಹೋಗಿ ಕೊನೆಗೆ ಹತ್ತಿರವಾದದ್ದು ನಿಂಬಿ ಹುಟ್ಟಿದ ವಾರದಲ್ಲಿ, ಕವಣೆಯ ಹಳಿಯಾಚೆಗಿನ ದೊಡ್ಡ ತೂತಿನ ಅಂಚಿನಲ್ಲಿ.

ಮನೆಗೆ ಬಂದಾಗ ಅತ್ತೆ ರೊಟ್ಟಿ ಬಡಿಯುತ್ತಿದ್ದರು. ಇಲ್ಲಿ ರೊಟ್ಟಿ ಬಡಿಯುವುದು ಒಂದು ಸರ್ಕಸ್ಸು. ಜೋರಾಗಿ ತಟ್ಟಿದರೆ ರೊಟ್ಟಿಯ ಜೊತೆ ತಟ್ಟಿದವರೂ ಮೇಲೇಳುತ್ತಾರೆ. ಅದಕ್ಕೆ ಅವರು ಸೊಂಟಕ್ಕೊಂದು ಪಟ್ಟಿ ಕಟ್ಟಿ ಒಲೆಯ ಕಟ್ಟೆಗೆ ಬಿಗಿದುಕೊಳ್ಳುತ್ತಿದ್ದರು. ಇಳಕಲ್ಲಿನಲ್ಲಿ ಮೊಣಕಾಲು ನೋವಿನಿಂದ ಹೊಸ್ತಿಲು ದಾಟಲಾರದೆ ಕೂತಿದ್ದ ಹೆಂಗಸು ಇಲ್ಲಿಗೆ ಬಂದ ಮೇಲೆ ಒಂದೇ ನೆಗೆತಕ್ಕೆ ಮಾಡಿನ ಕೊಂಡಿ ಹಿಡಿಯುತ್ತಿದ್ದರು. "ಎಲ್ಲಾರ ಹೆಗಲ ಮ್ಯಾಲೂ ಶನಿ ಏರ್ತಾನ, ನಾನ ಶನಿ ಹೆಗಲ ಮ್ಯಾಲ ಏರಿ ಕುಂತೀನಿ ನೋಡ" ಎಂದು ನಗುತ್ತಿದ್ದರು. ಆದರೆ ವಾಪಸು ಹೋಗುವ ಮಾತು ಮುಗಿದಿತ್ತು. ಅವರ ಹೃದಯ ಈಗ ಭೂಮಿಯ ತೂಕ ತಡೆಯಲಾರದು. ನಾನೂ ನಿಂಬಿಯೂ ಹಡಗು ಹತ್ತುವುದು, ನನ್ನ ಗಂಡ ಸಂಗನಬಸು ತಾಯಿಯ ಜೊತೆ ಉಳಿಯುವುದು ಎಂದು ಮನೆಯಲ್ಲಿ ತೀರ್ಮಾನವಾಗಿತ್ತು. ಅದನ್ನು ಯಾರೂ ಎರಡನೆಯ ಸಲ ಬಾಯಿಬಿಟ್ಟು ಆಡಿರಲಿಲ್ಲ.

ಸಂಗನಬಸು ನಿಂಬಿಯನ್ನು ಗೋಡೆಯಿಂದ ಗೋಡೆಗೆ ಚೆಂಡಿನಂತೆ ತೇಲಿಬಿಡುತ್ತ ಆಡಿಸುತ್ತಿದ್ದ. ಅವನು ಕವಣೆಯಲ್ಲಿ ಕೆಲಸ ಮಾಡುವವನು. ನಾವಿಬ್ಬರೂ ಇಳಕಲ್ಲಿನಲ್ಲಿ ಒಂದೇ ಶಾಲೆಯಲ್ಲಿ ಓದಿದವರು, ಹಾಗಾಗಿ ನಮ್ಮಲ್ಲಿ ಬಹುವಚನದ ಬಳಕೆ ಇಲ್ಲ.

"ತಪ್ಪು ಸಿಕ್ತು," ಎಂದೆ. "ನಿಂಬಿ ಹುಟ್ಟಿದ ವಾರ ಯಾರೋ ಕವಣಿ ಕಡೆಯಿಂದ ಹೊರಗ ಹೋಗ್ಯಾರ. ದೊಡ್ಡ ತೂತಿನ ದಂಡೀ ಮ್ಯಾಲ ಏನೋ ಇಟ್ಟ ಬಂದಾರ. ಯಾರಿದ್ದೀತು? ಆ ವಾರ ಪಾಳಿ ನಿಂದ ಇತ್ತಲ್ಲ?"

ಸಂಗನಬಸು ಆಟ ನಿಲ್ಲಿಸಿ ನಿಂಬಿಯನ್ನು ಹಿಡಿದುಕೊಂಡ. ರೊಟ್ಟಿಯ ಸದ್ದೂ ನಿಂತಿತು.

"ಅಂವನ್ನ್ಯಾಕ ಕೇಳ್ತಿ," ಎಂದರು ಅತ್ತೆ. "ನಾನ ಹೋಗಿದ್ದೆ."

ನನಗೆ ಮೊದಲು ಅರ್ಥವೇ ಆಗಲಿಲ್ಲ.

"ನೀವು? ಹೊರಗ? ಯಾತಕ್ಕ?"

"ಮಾಸ ಹುಗ್ಯಾಕ." ಹಿಟ್ಟಿನ ಕೈ ಒರೆಸಿಕೊಂಡರು. "ನೀ ಹಡದು ಮಲಗಿದ್ದಿ. ಆ ಡಾಕ್ಟರವ್ವ ಕೂಸಿನ ಮಾಸಾನ ಕುಲುಮ್ಯಾಗ ಹಾಕಿ ಸುಡತೀವಿ ಅಂದ್ಲು. ಎಲ್ಲೆರ ಉಂಟೇನವಾ? ಕೂಸಿನ ಕೂಡ ಹುಟ್ಟಿ ಬಂದದ್ದು ಅದು, ಬೆಂಕೀಗಿ ಹಾಕತಾರೇನ? ನೆಲದಾಗ ಇಡಬೇಕು. ಬೇಡಿ ತಗೊಂಡೆ. ನನ್ನ ಸೀರಿ ಸೆರಗು ಹರದು ಸುತ್ತಿ, ಅರಿಷಿಣ ಕುಂಕುಮ ಹಚ್ಚಿ, ಸ್ಟೀಲಿನ ಡಬ್ಬ್ಯಾಗ ಇಟ್ಟೆ. ಇಂವ ಬಸ್ಯಾ ಬರ್ಫಿನ ಗಾಡ್ಯಾಗ ಕುಂದ್ರಿಸಿಕೊಂಡ ಹೋದ. ಬಾಗಿಲದಾಗ ಹೇಳಿದ್ರ ಬಿಡ್ತಿದ್ರೇನ?"

ಹೆರಿಗೆಯಾದ ಮೇಲೆ ಬೀಳುವ ಮಾಸು! ನಮ್ಮ ಕಡೆ ಅದನ್ನು ಹಿತ್ತಲಿನಲ್ಲಿ ಹೂಳುತ್ತಾರೆ. ನನ್ನದೂ ನಮ್ಮ ತವರಿನ ಬೇವಿನ ಮರದ ಬುಡದಲ್ಲಿದೆ. ಕಳ್ಳನನ್ನು ಹುಡುಕಿ ಊರೆಲ್ಲ ಅಲೆದು ಬಂದರೆ ಕಳ್ಳರಿಬ್ಬರೂ ನನ್ನ ಮನೆಯಲ್ಲೇ ರೊಟ್ಟಿ ತಿನ್ನುತ್ತಿದ್ದರು.

"ನಿನಗ ಗೊತ್ತಿತ್ತಲ್ಲೋ," ಎಂದು ಗಂಡನ ಮೇಲೆ ಕೂಗಿದೆ. "ನನ್ನ ಕೆಲಸ ಏನಂತ ನಿನಗ ಗೊತ್ತಿತ್ತು!"

"ಒಂದು ಡಬ್ಬಿ, ಸುಗಲಾ. ಅಂಗೈಯಗಲ ಡಬ್ಬಿ. ಅದರಿಂದ ಏನಾದೀತು ಅಂದ್ಕೊಂಡೆ. ಆಮ್ಯಾಲ ಹೇಳೋಣಂದ್ರ ನಿನ್ನ ಮುಖ ನೋಡಿ ಅಂಜಿಕಿ ಬಂತು."

ನಾನು ಅತ್ತೆಯ ಕಡೆಗೆ ತಿರುಗಿದೆ. ಈಗ ನೆನೆದರೆ ನಾಚಿಕೆಯಾಗುವ ಮಾತು ಬಾಯಿಂದ ಬಂತು. "ಕೂಸು ನಿಮ್ಮನ್ನ ಬಿಟ್ಟು ಹೋಗಬಾರದು ಅಂತ ಮಾಡಿದ್ರೇನು? ಈಗ ಅದು ಹೋಗೂದಿಲ್ಲ. ಸಮಾಧಾನ ಆತಲ್ಲ?"

ಗುರುಬಸವ್ವನವರಿಗೆ ಹಡಗು, ಬೆಳಗು, ಡಬ್ಬಿ ಇವೆಲ್ಲ ಒಂದಕ್ಕೊಂದು ಅಂಟಿಕೊಂಡಿವೆ ಎಂದು ತಿಳಿದದ್ದೇ ಆಗ. ಅವರು ಸೊಂಟದ ಪಟ್ಟಿ ಬಿಚ್ಚಿ, ಮೆಲ್ಲಗೆ ತೇಲಿ ಬಂದು ನೆಲದ ಮೇಲೆ ಕೂತರು. "ಇದು ಹೋಗತೈತಿ ಅನ್ನೂದು ಆವಾಗ ನನಗ ಯಾರ ಹೇಳಿದ್ರವ್ವಾ?" ಎಂದರು. "ಹುಟ್ಟಿದ ಕೂಸಿಗಿ ಒಂದು ನೆಲ ಅಂತ ಬೇಕಲ್ಲ, ಅದಕ್ಕ ಇಟ್ಟ ಬಂದೆ." ಅವರು ಅಳುವುದನ್ನು ನಾನು ನೋಡಿದ್ದು ಅದೇ ಮೊದಲು. ಇಲ್ಲಿ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ಕಣ್ಣಲ್ಲೇ ಗುಳ್ಳೆಯಾಗಿ ನಿಲ್ಲುತ್ತದೆ. ನಿಂಬಿ ಹೋಗಿ ಅಜ್ಜಿಯ ಕಣ್ಣಿನ ಗುಳ್ಳೆಯನ್ನು ಬೆರಳಿನಿಂದ ಮುಟ್ಟಿ, "ಆಯೀ, ನೀರು" ಎಂದಳು.

ಆ ವಾರ ಮನೆಯಲ್ಲಿ ಪಾತ್ರೆಗಳಷ್ಟೇ ಮಾತಾಡಿದವು. ನಾನು ನಿಂಬಿಯ ಕಾಲುಗಳನ್ನು ನೋಡುತ್ತ ಕೂರುತ್ತಿದ್ದೆ. ಬಿದಿರುಕಡ್ಡಿಯಂಥ ಕಾಲುಗಳು. ಇಲ್ಲಿ ಅವು ಅವಳನ್ನು ಹಕ್ಕಿಯಂತೆ ಹಾರಿಸುತ್ತಿದ್ದವು; ಭೂಮಿಯಲ್ಲಿ ಅವಳ ತೂಕವನ್ನೇ ಹೊರಲಾರವು. ಇನ್ನು ನಾಲ್ಕು ವರ್ಷ ಬಿಟ್ಟು ಹೋದರೆ ಅಲ್ಲಿ ಹಾಸಿಗೆಯೇ ಅವಳ ಲೋಕ. ಹೋಗದಿದ್ದರೆ ಈ ತೂತು ಬಿದ್ದ ಗಡ್ಡೆಯ ನಾಲ್ಕು ಕೋಣೆಗಳೇ ಅವಳ ಲೋಕ. ಅವಳು ಮಳೆ ಕಾಣಬೇಕೆಂದು ನನಗೆ ಆಸೆಯಿತ್ತು. ಮಣ್ಣಿನಲ್ಲಿ ಬಿದ್ದು ಮೊಣಕಾಲು ತರಚಿಕೊಳ್ಳಬೇಕೆಂದು ಆಸೆಯಿತ್ತು.

ಒಂದು ದಿನ ಊಟ ಮಾಡುತ್ತಿದ್ದಾಗ ಸಂಗನಬಸು ತಟ್ಟೆಯಿಂದ ತಲೆಯೆತ್ತದೆ, "ಕವಣೀಲೇ ಒಗದ್ರ?" ಎಂದ.

"ಏನ ಒಗಿಯೂದು?"

"ನಿಮ್ಮನ್ನ."

ಹುಚ್ಚು ಹಿಡಿಯಿತೇ ಎಂದು ನೋಡಿದೆ. ಕವಣೆಯ ಹೊಡೆತಕ್ಕೆ ಮಂಜುಗಡ್ಡೆಯೇ ಎಷ್ಟೋ ಸಲ ಪುಡಿಯಾಗುತ್ತಿತ್ತು. ಅವನು ಮೇಜಿನ ಮೇಲೆ ಬೆರಳಿನಿಂದ ಹಳಿ ಎಳೆದು ತೋರಿಸಿದ. ಗಡ್ಡೆಗಳು ದೂರದ ಊರುಗಳಿಗೆ ಹೋಗಬೇಕು, ಅದಕ್ಕೇ ಅಷ್ಟು ವೇಗ. ಈ ಚಂದ್ರನ ಹಿಡಿತದಿಂದ ತಪ್ಪಿಸಿಕೊಂಡರೆ ಸಾಕು ಅನ್ನುವುದಾದರೆ ಒಂದು ಜೋರು ರೈಲಿನ ವೇಗ ಸಾಕು. ಹಳಿಯುದ್ದಕ್ಕೂ ನಿಧಾನವಾಗಿ ಓಟ ಹೆಚ್ಚಿಸುತ್ತ ಹೋದರೆ ಒಳಗಿದ್ದವರಿಗೆ ತೊಟ್ಟಿಲು ಜೀಕಿದಷ್ಟೇ ಅನ್ನಿಸುತ್ತದೆ. ಹಡಗು ನೆಲ ಮುಟ್ಟಬೇಕಾಗಿಲ್ಲ. ಬಲೆ ಬೀಸಿ ಮಂಜುಗಡ್ಡೆ ಹಿಡಿಯುವ ಹಡಗು ಪೆಟ್ಟಿಗೆಯೊಂದನ್ನು ಹಿಡಿಯಲಾರದೇ?

"ಹಂಗ ಯಾರೂ ಮಾಡಿಲ್ಲ," ಎಂದೆ.

"ನಾ ಮಾಡತೀನಿ. ನನ್ನ ಕೈಲೇ ಒಗಿತೀನಿ," ಎಂದ. ಹೆಂಡತಿ ಮಗಳನ್ನು ತನ್ನ ಕೈಯಾರೆ ದೂರ ಎಸೆಯುತ್ತೇನೆ ಅನ್ನುವ ಮನುಷ್ಯನ ಮುಖ ನೋಡುವುದು ಕಷ್ಟ. ನಾನು ಅವನ ತಟ್ಟೆಗೆ ಇನ್ನೊಂದು ರೊಟ್ಟಿ ಹಾಕಿದೆ.

ಆದರೆ ತೊಡಕಿತ್ತು. ನಮ್ಮನ್ನು ಎಸೆಯಬೇಕಾದದ್ದು ಹಡಗು ಬಂದ ಹೊತ್ತಿಗೆ, ಹಡಗಿರುವ ಕಡೆಗೆ. ಬೆಳಗಿನ ಲೆಕ್ಕಕ್ಕೆ ಹೊಂದುವ ಹಾಗೆ ಅದನ್ನು ಆರಿಸಿಕೊಳ್ಳಲಾಗದು. ಆ ಒಂದು ಒದೆತದಿಂದ ಮುಂದೆ ಜನ ಕೇಳಿಟ್ಟುಕೊಂಡ ಬೆಳಗುಗಳು ತಪ್ಪುತ್ತವೆ. ಕೇಳಿದ ಬೆಳಗು ಕೇಳಿದವರದು, ಅವರಲ್ಲಿ ಒಬ್ಬರು ಬೇಡ ಅಂದರೂ ಎಸೆಯುವ ಹಾಗಿಲ್ಲ. ಈ ನಿಯಮ ಬರೆದವಳೂ ನಾನೇ.

ಊಟದ ಪಡಸಾಲೆಯಲ್ಲಿ ಎಲ್ಲರೂ ಸೇರಿದರು. ನಾನು ವಿಷಯ ಹೇಳಿ ಮುಗಿಸುವ ಮೊದಲೇ ಅತ್ತೆ ಮೇಜು ಹಿಡಿದುಕೊಂಡು ಎದ್ದು ನಿಂತರು. "ತಪ್ಪು ಇಕೀದಲ್ಲ, ನಂದು. ಹೇಳದ ಹೊರಗ ಹೋಗಿದ್ದೆ," ಎಂದು ಡಬ್ಬಿಯ ಕಥೆಯನ್ನೆಲ್ಲ ಹೇಳಿದರು. ಆಮೇಲೆ ಹಿಂದಿನ ಸಾಲಿನಲ್ಲಿ ಒಬ್ಬ ಕೆಮ್ಮಿದ. ತಾನೂ ಒಮ್ಮೆ ಹೋಗಿದ್ದೆ, ಅಪ್ಪ ತೀರಿಕೊಂಡ ಸುದ್ದಿ ಬಂದ ದಿನ, ಇಲ್ಲಿ ಅಳುವುದಕ್ಕೆ ಜಾಗ ಇರಲಿಲ್ಲ ಎಂದ. ಅಡುಗೆಮನೆಯ ಹೆಂಗಸೊಬ್ಬಳು ಊರಿಂದ ತಂದ ಹಿಡಿ ಮಣ್ಣನ್ನು ಹೊರಗಿನ ಮಂಜಿನಲ್ಲಿ ಬೆರೆಸಿ ಬಂದಿದ್ದಳಂತೆ. ಹೊಸದಾಗಿ ಮದುವೆಯಾದ ಜೋಡಿಯೊಂದು ಕೆಂಪಗಾಗಿ ನೆಲ ನೋಡತೊಡಗಿತು. ಅವರನ್ನು ಯಾರೂ ಕಾರಣ ಕೇಳಲಿಲ್ಲ.

"ಅಂದರೆ ನಮ್ಮ ಲೆಕ್ಕ ಎಲ್ಲ ಬೊಗಳೆ!" ಎಂದು ದೂಮಪ್ಪ ತಲೆಯ ಮೇಲೆ ಕೈಹೊತ್ತ.

ನನಗೆ ನಗುವೂ ಬಂತು, ಎದೆಯ ಮೇಲಿನ ಭಾರವೂ ಇಳಿಯಿತು. ಹಡಗಿನ ಬೆಳಗನ್ನು ತಪ್ಪಿಸಿದ್ದು ಅತ್ತೆಯ ಡಬ್ಬಿಯೋ, ಹಿಡಿ ಮಣ್ಣೋ, ಆ ಮಗನ ಅಳುವೋ, ಎಲ್ಲವೂ ಸೇರಿಯೋ ಎಂದು ಇನ್ನು ಯಾವ ಬಳೆಯೂ ಹೇಳಲಾರದು. ಹೆಜ್ಜೆ ಇಟ್ಟವರೆಲ್ಲರ ಪಾಲೂ ಅದರಲ್ಲಿತ್ತು. ನಾನು ಹೋಗಿ ಅತ್ತೆಯ ಪಕ್ಕದಲ್ಲಿ ಕೂತೆ. ಅವರು ನನ್ನ ಕೈಯನ್ನು ತಮ್ಮ ಮಡಿಲಿಗೆ ಎಳೆದುಕೊಂಡರು.

ಬೆಳಗು ಕೇಳಿಟ್ಟವರು ಒಬ್ಬೊಬ್ಬರಾಗಿ ಬಿಟ್ಟುಕೊಟ್ಟರು. ದೂಮಪ್ಪ ತನ್ನ ಮದುವೆಯ ಬೆಳಗನ್ನು ಬಿಟ್ಟ. "ಕತ್ತಲಲ್ಲಿ ಮದುವೆ ಆದರೆ ಅವಳಿಗೆ ನನ್ನ ಮುಖ ಸರಿ ಕಾಣುದಿಲ್ಲ, ಒಳ್ಳೆದೇ ಆಯ್ತು," ಎಂದ. ಕೊನೆಗೆ ಉಳಿದವರು ಗಣಿಯ ಮೇಸ್ತ್ರಿ ರಾಚಪ್ಪನವರು. ಇದಾದ ಮೇಲೆ ಬರುವ ಹಡಗಿನಲ್ಲಿ ಊರಿಗೆ ಹೋಗಬೇಕೆಂದು ಹಡಗಿಳಿಯುವ ಬೆಳಗು ಕೇಳಿಟ್ಟವರು ಅವರು. ಅದು ತಪ್ಪಿದರೆ ಇನ್ನೂ ನಾಲ್ಕು ವರ್ಷ ಇಲ್ಲೇ. ಅವರು ನಿಂಬಿ ಮೇಜಿನಿಂದ ಮೇಜಿಗೆ ಹಾರುತ್ತಿದ್ದುದನ್ನೇ ನೋಡುತ್ತಿದ್ದರು.

"ಬಸಣ್ಣ," ಎಂದು ನನ್ನ ಗಂಡನನ್ನು ಕರೆದರು. "ಕೂಸು ಸುರಕ್ಷಿತ ಹೋತಂದ್ರ, ಮುಂದ ನನ್ನೂ ಹಂಗ ಒಗಿಯಾಕ ಬರತೈತೇನ?"

"ಬರತೈತ್ರಿ."

"ಹಂಗಾರ ಒಗಿ. ಬೆಳಗ ಯಾರಿಗಿ ಬೇಕು!"

ಹಡಗು ಬಂದ ದಿನ ಗಣಿಕೇರಿಯ ಮೇಲೆ ಕಗ್ಗತ್ತಲು. ನಾಯಕಿ ಒಂದೇ ಒಂದು ಸಲ ಕೆಳಗೆ ಬರುತ್ತೇನೆ, ತಪ್ಪಿದರೆ ಎರಡನೆಯ ಸಲ ಇಲ್ಲ ಎಂದಿದ್ದಳು. ಸಂಗನಬಸು ಮೊದಲು ನಮ್ಮಷ್ಟೇ ತೂಕದ ಮಂಜುಗಡ್ಡೆಯನ್ನು ಎಸೆದು ನೋಡಿದ. ಹಡಗಿನ ಬಲೆ ಅದನ್ನು ಹಿಡಿಯಿತು. ಆಮೇಲೆ ನಾವು. ಅತ್ತೆ ಪೆಟ್ಟಿಗೆಯ ಬಾಗಿಲವರೆಗೆ ಬಂದು ನಿಂಬಿಯ ಎರಡೂ ಪಾದಗಳನ್ನು ಅಂಗೈಯಲ್ಲಿ ಹಿಡಿದು ಒತ್ತಿದರು, ತೂಕ ಹೇಗಿರುತ್ತದೆಂದು ಅವಳಿಗೆ ಕಲಿಸುವವರಂತೆ. "ಇಷ್ಟ ಜೋರ ಇರತೈತಿ ನೋಡ ಅಲ್ಲಿ ನೆಲ. ಅಂಜಬ್ಯಾಡ," ಎಂದರು. ಸಂಗನಬಸು ನನ್ನ ಪಟ್ಟಿಗಳನ್ನು ಬಿಗಿದು, ಬಿಗಿದದ್ದನ್ನೇ ಮತ್ತೆ ಬಿಗಿದು, ನನ್ನ ಹಣೆಗೆ ಹಣೆ ತಾಗಿಸಿ ಹೊರಟುಬಿಟ್ಟ.

ಪೆಟ್ಟಿಗೆ ಹೊರಟಿತು. ನಿಜಕ್ಕೂ ತೊಟ್ಟಿಲು ಜೀಕಿದಷ್ಟೇ. ಹಳಿ ಮುಗಿದಾಗ ಸದ್ದು ನಿಂತಿತು. ಕಿಟಕಿಯಲ್ಲಿ ಏನೂ ಇರಲಿಲ್ಲ, ಕಪ್ಪು. ನಾವು ಮೇಲೇರುತ್ತ ಏರುತ್ತ ಚಂದ್ರನ ನೆರಳಿನಿಂದ ಹೊರಗೆ ಬಂದೆವು. ಆ ಸೊಟ್ಟ ಅಂಚಿನಾಚೆಯಿಂದ ಸೂರ್ಯ ನಿಂಬಿಯ ಮುಖದ ಮೇಲೆ ಬಿದ್ದ. ಮೂರು ವರ್ಷ ಹೆಣೆದ ಬೆಳಗು ಅವಳಿಗೆ ನೆಲದ ಮೇಲೆ ಸಿಗಲಿಲ್ಲ, ಆಕಾಶದಲ್ಲಿ ಸಿಕ್ಕಿತು. ಅವಳು ಕೈಯಿಂದ ಕಣ್ಣು ಮುಚ್ಚಿಕೊಂಡು ಬೆರಳ ಸಂದಿಯಿಂದ ನೋಡಿ ನಕ್ಕಳು. ನಾನು ಕೆಳಗಿನ ಕತ್ತಲಲ್ಲಿ ಊರನ್ನು ಹುಡುಕಿದೆ, ಕಾಣಲಿಲ್ಲ.

ಈಗ ನಾವು ಇಳಕಲ್ಲಿನಲ್ಲಿದ್ದೇವೆ. ನಿಂಬಿ ಮೊದಲು ಕೂರಲು ಕಲಿತಳು, ಆಮೇಲೆ ನಿಲ್ಲಲು. ವರ್ಷದ ಮೇಲೆ ಗೋಡೆ ಹಿಡಿದು ನಡೆದಳು. ಇವತ್ತು ಶಾಲೆಯಿಂದ ಓಡಿ ಬರುತ್ತಾಳೆ, ಸ್ವಲ್ಪ ಕುಂಟುತ್ತಾಳೆ, ಮೊಣಕಾಲಿನ ತುಂಬ ತರಚು ಗಾಯ. ಗಣಿಕೇರಿಯಲ್ಲಿ ಬೆಳಗು ಕೇಳುವುದನ್ನು ನಿಲ್ಲಿಸಿಬಿಟ್ಟರು. ಹಡಗಿಗೆ ಕವಣೆಯೇ ಸಾಕಾದ ಮೇಲೆ ಬೆಳಗು ಬಂದಾಗ ಬರಲಿ, ಮದುವೆಯನ್ನೇ ಹಿಂದೆಮುಂದೆ ಮಾಡಿಕೊಳ್ಳೋಣ ಅನ್ನುತ್ತಾರಂತೆ. ನಮ್ಮ ಕೋಣೆ ಈಗ ಬರುವ ಬೆಳಗನ್ನು ಎಣಿಸಿ ಹೇಳುತ್ತದೆ ಅಷ್ಟೇ. ಹೆಸರು ಹೇಳಿ ಹೊರಗೆ ಹೋಗುವ ನಿಯಮ ಮಾತ್ರ ಉಳಿದಿದೆ. ಯಾವ ಕಾರಣ ಹೇಳಿದರೂ ಈಗ ಬಾಗಿಲು ತೆಗೆಯುತ್ತಾರೆ.

ಮೊನ್ನೆ ದೂಮಪ್ಪನಿಂದ ಸಂದೇಶ ಬಂತು. ನಾವು ಹೊರಟು ಮೂರು ವರ್ಷವಾಗುತ್ತ ಬಂದಿದ್ದರಿಂದ ಅವನು ಎರಡು ಲೆಕ್ಕ ಹಾಕಿ ನೋಡಿದನಂತೆ: ನಮ್ಮನ್ನು ಎಸೆದ ಹೈಪೀರಿಯನ್ ಒಂದು, ಎಸೆಯದೆ ಇದ್ದಿದ್ದರೆ ಹೇಗಿರುತ್ತಿತ್ತೋ ಆ ಹೈಪೀರಿಯನ್ ಇನ್ನೊಂದು. ಎಸೆಯದೆ ಇದ್ದಿದ್ದರೆ ಅವನು ಸಂದೇಶ ಕಳಿಸಿದ ದಿನ ಗಣಿಕೇರಿಯಲ್ಲಿ ಕತ್ತಲೇ ಇರುತ್ತಿತ್ತು. ಎಸೆದದ್ದರಿಂದ ಬೆಳಗಾಯಿತು. ಯಾರೂ ಕೇಳದ ಬೆಳಗು. ಇದನ್ನು ಅವನು ಅತ್ತೆಗೆ ಹೋಗಿ ಹೇಳಿದನಂತೆ.

ಗುರುಬಸವ್ವ ಇಳಕಲ್ ಸೀರೆಯ ಮೇಲೆಯೇ ಹೊರಗಿನ ಉಡುಪು ಏರಿಸಿಕೊಂಡು ಬಾಗಿಲಿಗೆ ಬಂದರು. ಈ ಸಲ ಕದ್ದು ಹೋಗಲಿಲ್ಲ. ಹೆಸರು ಹೇಳಿದರು. ಎಲ್ಲಿಗೆ ಎಂದು ಕೇಳಿದ್ದಕ್ಕೆ ದೊಡ್ಡ ತೂತಿನ ದಂಡೆಗೆ ಎಂದರು. ಯಾತಕ್ಕೆ ಎಂದು ದೂಮಪ್ಪ ಕೇಳಿದ, ಕೇಳಲೇಬೇಕಲ್ಲ.

"ಮೊಮ್ಮಗಳು ಬಂದಾಳ," ಎಂದರಂತೆ. "ನೋಡಾಕ ಹೊಂಟೀನಿ."